ದರ್ಜಿ ಹೇಳಿದ ಹೊತ್ತು

ಅಂಗಡಿಯಿಂದ,
ಜನವರಿ ೧೩, ಮಂಗಳವಾರ

ಪ್ರೀತಿಯ ಪುಟ್ಟಿಗೆ,

ಅಪ್ಪನ ತುಂಬು ಆಶೀರ್ವಾದ. ನಾನು ಕ್ಷೇಮ, ಮಂಡಿಗಳ ಕ್ಷೇಮವನ್ನು ಅವುಗಳನ್ನೇ ಕೇಳಬೇಕು. ನೀನು ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ಹನ್ನೊಂದು ದಿನ ತಡವಾಗಿ ಉತ್ತರ ಬರೆಯುತ್ತಿದ್ದೇನೆ. ತಪ್ಪಾಯಿತು. ಆದರೂ ದರ್ಜಿಗಳ ಲೆಕ್ಕದಲ್ಲಿ ಇದು ವಾಯಿದೆಗೆ ಮುಂಚೆಯೇ ಆದ ಕೆಲಸ.

"ಎಷ್ಟು ಹೊತ್ತಿಗೆ ಓಡಿ ಮುಗಿಸ್ತೀಯಪ್ಪಾ? ಸರಿಯಾಗಿ ಹೇಳು, ಬಂದು ನಿಂತಿರ್ತೀನಿ. ಹನ್ನೆರಡರ ಬಸ್ಸಿಗೆ ವಾಪಸ್ ಹೋಗ್ಲೇಬೇಕು" ಅಂದೆ ನೀನು. ನಾನು ಉಸಿರೂ ಎಳೆದುಕೊಳ್ಳದೆ, "ನಾಲ್ಕೇ ಗಂಟೆ ಕಣಮ್ಮ. ಆರಕ್ಕೆ ಹೊರಟ್ರೆ ಹತ್ತಕ್ಕೆ ನಿನ್ನ ಮುಂದೆ" ಅಂದುಬಿಟ್ಟೆ. ಹೇಳಿದವನು ಯಾರು? ನಲವತ್ತೆರಡು ಕಿಲೋಮೀಟರನ್ನು ಜನ್ಮದಲ್ಲಿ ಒಮ್ಮೆಯೂ ಓಡದ, ಐವತ್ತಮೂರು ವರ್ಷದ, ಸಕ್ಕರೆ ಕಾಯಿಲೆಯ ಮನುಷ್ಯ. ಡಾಕ್ಟರು ನಡೆಯಿರಿ ಎಂದಷ್ಟೇ ಹೇಳಿದ್ದರು. ಓಟ ನನ್ನ ಸ್ವಂತ ಪ್ರತಿಭೆ.

ಇದು ಕಸುಬಿನ ದೋಷ, ಪುಟ್ಟಿ. ಮೂವತ್ತು ವರ್ಷ "ನಾಳೆ ಸಂಜೆ ಬನ್ನಿ, ಗುಂಡಿ ಒಂದೇ ಬಾಕಿ" ಅನ್ನುತ್ತ ಬಂದ ನಾಲಿಗೆ. ಬಟ್ಟೆ ಕತ್ತರಿಸುವಾಗ ಒಳಹೊಲಿಗೆಗೆ ಒಂದಿಂಚು ಬಿಡುವ ನಾನು, ದಿನ ಹೇಳುವಾಗ ಕೂದಲೆಳೆಯಷ್ಟೂ ಬಿಡುವುದಿಲ್ಲ. ಮೊನ್ನೆ ಅಂಗಡಿಗೆ ಬಂದ ಟೀಚರಮ್ಮ ಕೇಳಿದರು: "ಟೈಲರ್ರೇ, ಓಟ ಕಲೀತಿದ್ದೀರಂತೆ. ನಾವು ಬಟ್ಟೆ ಕೇಳೋಕೆ ಬಂದಾಗೆಲ್ಲ ಓಡ್ತಿದ್ರಲ್ಲ, ಅದು ಸಾಲ್ದಾ?"

ಓಟದ ಅರ್ಜಿಯಲ್ಲೂ ಅದೇ ಪ್ರಶ್ನೆ: ಎಷ್ಟು ಹೊತ್ತಿನಲ್ಲಿ ಮುಗಿಸುವಿರಿ? ಅಲ್ಲೂ ನಾಲ್ಕು ಎಂದು ಬರೆದು, ನಮಗೆ ಓಟ ಕಲಿಸುವ ಸೀಟಿ ಮೇಷ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ವಿಚಾರಣೆ ಆರಂಭಿಸಿದರು.

"ಅರ್ಧ ದೂರ ಎಷ್ಟರಲ್ಲಿ ಓಡಿದ್ರಿ?"

"ಎರಡು ಗಂಟೆ, ಸಾರ್."

"ನೀರು ಕುಡಿಯೋಕೆ ನಿಂತಾಗ ಗಡಿಯಾರ ನಿಲ್ಸಿದ್ರಾ?"

"ಅದಕ್ಕೂ ಸ್ವಲ್ಪ ವಿಶ್ರಾಂತಿ ಬೇಡ್ವಾ ಸಾರ್?"

ನಿಲ್ಲಿಸದೆ ಎಣಿಸಿದರೆ ಎರಡು ಗಂಟೆ ಇಪ್ಪತ್ತೈದು ನಿಮಿಷ. "ಅದನ್ನ ದುಪ್ಪಟ್ಟು ಮಾಡಿ, ಮೇಲೆ ಅರ್ಧ ಗಂಟೆ ಹಾಕಿ. ಮೂವತ್ತು ಕಿಲೋಮೀಟರ್ ದಾಟಿದ ಮೇಲೆ ಕಾಲುಗಳು ನಿಮ್ಮ ಗಿರಾಕಿಗಳ ಥರ ಜಗಳಕ್ಕೆ ನಿಲ್ತವೆ. ಆಗ ನೀವು ಏನು ಹೇಳಿದ್ರೂ ನಂಬಲ್ಲ" ಅಂದರು. ಹೀಗೆ ಐದು ಗಂಟೆ ಇಪ್ಪತ್ತು ನಿಮಿಷ ಎಂದು ತೀರ್ಪಾಯಿತು. ನಾಲ್ಕನ್ನು ಹೊಡೆದುಹಾಕಿ ಬರೆದುಕೊಟ್ಟೆ. ಹಾಗೆ ಬರೆದವರನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತಾರಂತೆ. ನಿಲ್ಲಿಸಲಿ.

ಅಲ್ಲಿಂದ ನನಗೆ ನೆಮ್ಮದಿಯಿಲ್ಲ. ಹೊಲಿಗೆ ಯಂತ್ರ ತುಳಿಯುತ್ತಲೇ ಲೆಕ್ಕ ಹಾಕುತ್ತೇನೆ. ಹೊಟ್ಟೆ ಹಿಡಿದುಕೊಂಡರೆ ಹತ್ತು ನಿಮಿಷ. ಮೀನಖಂಡ ಸೆಳೆದುಕೊಂಡರೆ ಹದಿನೈದು. ಓಟಕ್ಕೆ ಆರು ಗಂಟೆ ಮೀರಿದವರನ್ನು ವ್ಯಾನಿಗೆ ಹತ್ತಿಸಿಕೊಂಡು ರಸ್ತೆಯನ್ನು ವಾಹನಗಳಿಗೆ ತೆರೆಯುತ್ತಾರೆ. ನಿನ್ನೆ ಈ ಗುಣಾಕಾರದಲ್ಲಿ ಒಂದು ಷರಟಿಗೆ ಎರಡು ಎಡತೋಳು ಹೊಲಿದೆ. ವ್ಯಾನಿನ ಕಿಟಕಿಯಿಂದ ನಿನಗೆ ಕೈಬೀಸುವ ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಅದಕ್ಕಿಂತ ಹೆದರಿಕೆಯ ಚಿತ್ರ ಇನ್ನೊಂದು: ನೀನು ಹತ್ತಕ್ಕೇ ಬಂದು, ಕತ್ತು ಚಾಚಿ ಚಾಚಿ ನೋಡಿ, ಬೆನ್ನು ತಿರುಗಿಸಿ ಹನ್ನೆರಡರ ಬಸ್ಸಿಗೆ ಹೋಗುವುದು.

ಆದ್ದರಿಂದ ಇಪ್ಪತ್ತೈದರ ಭಾನುವಾರ ಹತ್ತಕ್ಕೆ ಬರಬೇಡ. ಹನ್ನೊಂದು ಇಪ್ಪತ್ತಕ್ಕೆ ಬಾ. ಮುಕ್ಕಾಲಾದರೂ ನಾನು ಕಾಣದಿದ್ದರೆ ಬಸ್ಸಿಗೆ ಹೊರಡು; ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಎಲ್ಲ ಒಳ್ಳೆಯದಾಗಲಿ, ನನ್ನ ಆಯುಸ್ಸಿನಲ್ಲಿ ಉಳಿದದ್ದೂ ನಿನಗೇ ಸೇರಲಿ.

ಇಂತಿ,
ನಿನ್ನ ಅಪ್ಪ

ತಾ.ಕ.: ಆರು ವರ್ಷದ ಹಿಂದೆ ನೀನು ಆಸ್ಪತ್ರೆಯಿಂದ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದ್ದೆ. ನಾಲ್ಕಕ್ಕೆ ಬರ್ತೀನಿ ಅಂದೆ. ಒಂದು ಕೋಟಿನ ಬಟ್ಟೆ ಮೇಜಿನ ಮೇಲೆ ಹರಡಿತ್ತು. ನಾಲ್ಕಕ್ಕೆ ಆಗುವುದಿಲ್ಲ ಎಂಬುದು ಹಾಗೆ ಹೇಳುವಾಗಲೇ ನನಗೆ ಗೊತ್ತಿತ್ತು. ಅಮ್ಮನನ್ನು ನಾಲ್ಕೂವರೆಗೆ ಆಪರೇಷನ್ನಿಗೆ ಕರೆದೊಯ್ದರು. ನಾನು ಬಂದದ್ದು ಐದಕ್ಕೆ. ಅವಳು ಮತ್ತೆ ಕಣ್ಣು ಬಿಡಲಿಲ್ಲ. "ಈಗ ಬಂದ್ಬಿಡ್ತಾನಮ್ಮ, ನಾಲ್ಕು ಅಂದಿದ್ದಾನೆ" ಎಂದು ನೀನು ಅವಳಿಗೆ ಹೇಳುತ್ತಲೇ ಇದ್ದೆಯಂತೆ, ನರ್ಸಮ್ಮ ಹೇಳಿದರು. ನನ್ನ ಸುಳ್ಳನ್ನು ನಿನ್ನ ಬಾಯಲ್ಲಿ ಹೇಳಿಸಿದೆ. ಆಮೇಲೆ ನೀನು ಎಷ್ಟು ಹೊತ್ತಿಗೆ ಅಂತ ನನ್ನನ್ನು ಒಮ್ಮೆಯೂ ಕೇಳಲಿಲ್ಲ, ಈ ಸಲದವರೆಗೆ.

ಮೇಷ್ಟ್ರು ಮೇಲೆ ಹಾಕಿ ಅಂದದ್ದು ಅರ್ಧ ಗಂಟೆಯಲ್ಲ, ನಲವತ್ತು ನಿಮಿಷ. ಹತ್ತು ನಿಮಿಷವನ್ನು ಈ ಕಾಗದದಲ್ಲೂ ಕತ್ತರಿಸಿಬಿಟ್ಟಿದ್ದೆ. ಹನ್ನೊಂದೂವರೆಗೆ ಬಾ, ಪುಟ್ಟಿ.