ಕಾಗದದ ಮೇಲೆ ಕಲಿತ ನಾಯಿಮರಿ

ಕೋಪನ್‌ಹೇಗನ್
ಶುಕ್ರವಾರ, ೨೧ ಏಪ್ರಿಲ್ ೨೦೨೩

ಪ್ರೀತಿಯ ಟೋವೆ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ನೀನು ಈ ಕಟ್ಟಡ ಬಿಟ್ಟು ಸ್ವೆನ್‌ಬೋರ್‌ಗೆ ಹೋದ ಮೇಲೆ ಆರು ವರ್ಷ ಕ್ರಿಸ್‌ಮಸ್ ಕಾರ್ಡು ಕಳಿಸಿದೆ. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ಪತ್ರಿಕೆಗಳಿಗೆ ವಾರಕ್ಕೊಂದು ಪತ್ರ ಬರೆದು ಸಚಿವರನ್ನು ತರಾಟೆಗೆ ತೆಗೆದುಕೊಳ್ಳುವವಳಿಗೆ ನಿನಗೆ ನಾಲ್ಕು ಸಾಲು ಬರೆಯಲು ಆಗಲಿಲ್ಲ. ಏಕೆಂದು ನಿನ್ನೆ ಸಂಜೆ ನಮ್ಮ ಕಟ್ಟಡದ ಮನೆಸಂಘದ ವಾರ್ಷಿಕ ಸಭೆಯಲ್ಲಿ ಎಲ್ಲರೆದುರು ಹೇಳಿದೆ. ಮೊದಲು ನಿನಗೆ ಹೇಳಬೇಕಿತ್ತು.

ನಗಬೇಡ, ನಾನು ನಾಯಿಮರಿ ತಂದಿದ್ದೇನೆ. ಸಾಸಿವೆ ಬಣ್ಣ, ಹಾಗಾಗಿ ಹೆಸರೂ ಸೆನ್ನೆಪ್. ಒಂದು ಕಿವಿ ಎದ್ದಿದೆ, ಇನ್ನೊಂದಕ್ಕೆ ಏಳುವ ಮನಸ್ಸಿಲ್ಲ. ಸಂಘದ ನಿಯಮ ನಿನ್ನ ಕಾಲದ್ದೇ: ಮೂರು ತಿಂಗಳ ಪರೀಕ್ಷೆ, ಆಮೇಲೆ ಸಭೆಯಲ್ಲಿ ಮತ. ಇಪ್ಪತ್ತೊಂದು ಮನೆಗಳಲ್ಲಿ ಹದಿನಾಲ್ಕು ಒಪ್ಪಿದರೆ ನಾಯಿ ಇರಬಹುದು. ಇಲ್ಲದಿದ್ದರೆ ಹೋಗಬೇಕು.

ನಾಲ್ಕು ಪುಸ್ತಕ ಓದಿದೆ. ಒಂದು ಹೇಳಿದ್ದನ್ನು ಇನ್ನೊಂದು ಅಲ್ಲಗಳೆಯುತ್ತದೆ, ಆದರೆ ಅರವತ್ತಾರು ಮೆಟ್ಟಿಲು ಇಳಿಯುವವರೆಗೆ ಎಂಟು ವಾರದ ಮರಿ ತಡೆದುಕೊಳ್ಳುವುದು ಹೇಗೆಂದು ನಾಲ್ಕರಲ್ಲೂ ಇಲ್ಲ. ಬರೆದವರೆಲ್ಲ ತೋಟವಿರುವ ಜನ. ಕೊನೆಗೆ ಹಳೆಯ ದಾರಿಯನ್ನೇ ಹಿಡಿದೆ. ಪಡಸಾಲೆಯಲ್ಲಿ ಪತ್ರಿಕೆ ಹಾಸಿ, ದಿನಕ್ಕೊಂದು ಮೊಳದಂತೆ ಬಾಗಿಲ ಕಡೆಗೆ ಸರಿಸುತ್ತ ಹೋದೆ. ಸರಿಯಾದ ಜಾಗದಲ್ಲಿ ಉಚ್ಚೆಗೆ ಕುಳಿತರೆ ಬೆರಳ ತುದಿಯಲ್ಲಿ ಯಕೃತ್ತಿನ ಪೇಸ್ಟ್. ಈಗಿನ ಪತ್ರಿಕೆಗಳನ್ನು ಎಷ್ಟು ಚಿಕ್ಕದಾಗಿ ಅಚ್ಚು ಹಾಕುತ್ತಾರೆಂದರೆ ಒಂದು ಮರಿಗೆ ಎರಡು ಸಂಪಾದಕೀಯ ಬೇಕಾಗುತ್ತಿತ್ತು. ಏಳನೆಯ ವಾರಕ್ಕೆ ಹಾಳೆ ಅಂಗಳದ ಮರದಡಿ ತಲುಪಿತು. ಮೆಟ್ಟಿಲ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ, ಟೋವೆ. ಒಂದು ಹನಿಯೂ.

ಆದರೆ ಅವನು ಕಲಿತದ್ದು ಮರವನ್ನಲ್ಲ, ಕಾಗದವನ್ನು. ಬಾಗಿಲ ಕಿಂಡಿಯಿಂದ ಒಳಗೆ ಬಿದ್ದ ತೆರಿಗೆ ಪತ್ರದ ಮೇಲೆ ಅವನು ಕುಳಿತಾಗಲೇ ನನಗೆ ಎಚ್ಚರವಾಗಬೇಕಿತ್ತು. ನಾನು ಪೇಸ್ಟ್ ನೆಕ್ಕಿಸಿ ಶಭಾಷ್ ಎಂದೆ.

ಈ ತಿಂಗಳ ಎಂಟಕ್ಕೆ ಅಂಗಳ ಗುಡಿಸುವ ಶನಿವಾರ. ಎಲ್ಲರೂ ಪೊರಕೆ ಹಿಡಿದು ಬಂದಿದ್ದರು, ಒಲೆಯ ಮೇಲೆ ಸಾಸೇಜ್ ಇತ್ತು. ನಮ್ಮ ಅಧ್ಯಕ್ಷ ಹೆನ್ನಿಂಗ್ ತನ್ನ ಸೈಕಲ್ ಶೆಡ್ಡಿನ ನಕ್ಷೆಯನ್ನು ನೆಲದ ಮೇಲೆ ಬಿಡಿಸಿ, ನಾಲ್ಕು ಮೂಲೆಗೆ ಬಿಯರ್ ಬಾಟಲಿ ಇಟ್ಟು ವಿವರಿಸುತ್ತಿದ್ದ. ಆ ಶೆಡ್ಡಿಗಾಗಿ ಅಂಗಳದ ಮರ ಕಡಿಯಬೇಕು. ಎರಡು ವರ್ಷದಿಂದ ನಾನು ಅದನ್ನು ವಿರೋಧಿಸುತ್ತಿದ್ದೇನೆ. ಸೆನ್ನೆಪ್ ಜನರ ಕಾಲುಗಳ ನಡುವೆ ನುಸುಳಿ, ಹಾಳೆಯ ನಡುಮಧ್ಯಕ್ಕೆ ಹೋಗಿ, ಮೂಸಿ, ಕುಳಿತ. ಆಮೇಲೆ ಪೇಸ್ಟಿಗಾಗಿ ನನ್ನ ಮುಖ ನೋಡಿದ.

"ಅಯ್ಯೋ, ಎರಡು ವರ್ಷದ ಕೆಲಸ ಕಣೇ ಬೋಡಿಲ್ ಅದು! ಬೇಕಂತಲೇ ಕಲಿಸಿದ್ದೀಯ!" ಎಂದು ಹೆನ್ನಿಂಗ್ ಕೂಗಿದ.

"ಕಲಿಸಿದ್ದು ನಾನೇ. ನಿನ್ನ ಶೆಡ್ಡಿನ ಮೇಲೇ ಕೂತ್ಕೋ ಅಂತ ಹೇಳ್ಕೊಟ್ಟಿಲ್ಲ," ಎಂದೆ.

ಯಾರೋ ಹಿಂದಿನಿಂದ, "ಈ ಸಂಘದಲ್ಲಿ ಇಷ್ಟು ಬೇಗ ಅಭಿಪ್ರಾಯ ಹೇಳಿ ಮುಗಿಸಿದೋನು ಇವನೊಬ್ಬನೇ ನೋಡ್ರಪ್ಪಾ," ಎಂದರು. ಎಲ್ಲರೂ ನಕ್ಕರು. ಮೊದಲ ಮಹಡಿಯ ಇಂಗೋಲ್ಫ್ ಮಾತ್ರ ನಗಲಿಲ್ಲ. ಅವನಿಗೀಗ ಎಂಬತ್ತೆರಡು. "ನಗಿ, ನಗಿ. ಟೋವೆ ನಾಯಿ ಮೆಟ್ಟಿಲ ಮೇಲೆ ಉಚ್ಚೆ ಹೊಯ್ದಾಗ ಯಾರೂ ನಗಲಿಲ್ವಲ್ಲ. ಈ ಮನೆಗೆ ನಾಯಿ ಆಗಿಬರಲ್ಲ," ಎಂದ.

ಅಂದೇ ಮನೆಯಲ್ಲಿದ್ದ ಕಾಗದವನ್ನೆಲ್ಲ ಮೇಜಿನ ಮೇಲೇರಿಸಿ, ಬಾಲ್ಕನಿಗೆ ಹುಲ್ಲಿನ ಹಾಸು ತಂದೆ. ಹನ್ನೆರಡು ದಿನದಲ್ಲಿ ಹೊಸ ಪಾಠ ಹತ್ತಿತು. ತಪ್ಪು ಕಲಿಸಿದವಳು ಒಪ್ಪಿಕೊಂಡರೆ ನಾಯಿ ಬೇಗ ತಿದ್ದಿಕೊಳ್ಳುತ್ತದೆ. ಇದು ಐದನೆಯ ಪುಸ್ತಕಕ್ಕೆ ನನ್ನ ಕಾಣಿಕೆ.

ನಿನ್ನೆ ಸಭೆಗೆ ಭಾಷಣ ಸಿದ್ಧಪಡಿಸಿಕೊಂಡೇ ಹೋಗಿದ್ದೆ. ಅದರಲ್ಲಿದ್ದ ಒಂದು ವಾಕ್ಯವನ್ನು ನಿನ್ನಿಂದ ಮುಚ್ಚಿಡುವುದಿಲ್ಲ: "ಹಿಂದಿನ ನಾಯಿ ಮುದಿಯಾಗಿತ್ತು, ತರಬೇತಿ ಇರಲಿಲ್ಲ, ಇದು ಹಾಗಲ್ಲ." ಆದರೆ ನಾನು ಏಳುವ ಮೊದಲೇ ಇಂಗೋಲ್ಫ್ ೧೯೯೮ರ ನಡಾವಳಿ ಪುಸ್ತಕ ತೆರೆದು ಓದತೊಡಗಿದ: ಎರಡನೆಯ ಮಹಡಿಯ ಮೆಟ್ಟಿಲ ಮೇಲೆ ಟೋವೆಯವರ ನಾಯಿ ಬಾಸ್ಸೆಯ ಮೂತ್ರ ಕಂಡುಬಂದಿದ್ದು, ಪರೀಕ್ಷೆಯ ಅವಧಿಯಲ್ಲೇ ಹೀಗಾದ ಕಾರಣ ಅನುಮತಿ ನಿರಾಕರಿಸಲಾಗಿದೆ. ಬರವಣಿಗೆ ನನ್ನದು. ಆಗ ಕಾರ್ಯದರ್ಶಿ ನಾನೇ.

ಎದ್ದು ನಿಂತೆ. ಭಾಷಣವನ್ನು ಕುರ್ಚಿಯ ಮೇಲೆ ಬಿಟ್ಟೆ. ಅದು ಮೂತ್ರವಲ್ಲ, ಸೇಬಿನ ರಸ ಎಂದೆ. ನೆಲಮಾಳಿಗೆಯಿಂದ ನಾನು ಹೊತ್ತು ತಂದ ಡಬ್ಬಿ ಸೋರುತ್ತಿತ್ತು. ರಸ ಹುಳಿ ಹಿಡಿದು ಹಳದಿಯಾಗಿತ್ತು. ನನ್ನ ಬಾಗಿಲಿಗೆ ಬಂದ ಮೇಲೆ ಕಾಲುಚೀಲ ಒದ್ದೆಯಾದದ್ದು ತಿಳಿಯಿತು. ಒರೆಸಲು ಬಟ್ಟೆ ಹಿಡಿದು ಹೊರಬರುವಷ್ಟರಲ್ಲಿ ಕೆಳಗೆ ಜನ ಸೇರಿ ಬಾಸ್ಸೆಯ ಹೆಸರು ಹೇಳುತ್ತಿದ್ದರು. ಬಟ್ಟೆ ಹಿಡಿದುಕೊಂಡೇ ಬಾಗಿಲು ಹಾಕಿಕೊಂಡೆ.

"ಇಪ್ಪತ್ತೈದು ವರ್ಷ ಬಾಯಿ ಮುಚ್ಕೊಂಡಿದ್ದೋಳ ಮಾತು ಈಗ ಯಾರು ನಂಬ್ತಾರೆ?" ಎಂದ ಇಂಗೋಲ್ಫ್.

"ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಪುಸ್ತಕದಲ್ಲಿ ಮಾತ್ರ ತಿದ್ದಿ ಬರ್ಕೊಳ್ಳಿ," ಎಂದೆ.

ಬರೆದುಕೊಂಡರು. ಬರೆಯುವವರೆಗೆ ನಾನು ಕೂರಲಿಲ್ಲ.

ಟೋವೆ, ತೀರಿಹೋದ ನಿನ್ನ ಅಪ್ಪನ ನಾಯಿಯನ್ನು ಬೀದಿಗೆ ಬಿಡಲಾರದೆ ನೀನೇ ಮನೆ ಬಿಟ್ಟೆ. ಹೊರಟ ದಿನ ಪೆಟ್ಟಿಗೆಗಳನ್ನು ಕೆಳಗಿಳಿಸಲು ನಾನು ನೆರವಾದೆ. ಲಾರಿಯ ಪಕ್ಕ ನಿಂತು ನೀನು, "ನೀನೊಬ್ಬಳೇ ಕಣೇ ಬಂದೋಳು," ಎಂದು ನನ್ನನ್ನು ತಬ್ಬಿಕೊಂಡೆ. ದೇಶದ ಸುಳ್ಳುಗಳನ್ನೆಲ್ಲ ದಿನಾಂಕ ಸಮೇತ ನೆನಪಿಟ್ಟವಳು ನಾನು. ಈ ಮಾತನ್ನು ಮಾತ್ರ ಮರೆಯಲು ನೋಡಿದೆ, ಆಗಲಿಲ್ಲ. ನನ್ನಿಂದ ತಪ್ಪಾಯಿತು. ಕ್ಷಮಿಸಲೇಬೇಕೆಂದು ಕೇಳುವ ಹಕ್ಕು ನನಗಿಲ್ಲ. ಬಾಸ್ಸೆ ತಪ್ಪು ಮಾಡಿರಲಿಲ್ಲ ಎಂಬುದು ಈಗ ಪುಸ್ತಕದಲ್ಲಿದೆ.

ಸೆನ್ನೆಪ್ ಬಾಗಿಲ ಬಳಿ ಹೋಗಿ ಒಂದೇ ಸಲ ಬೊಗಳಿದ. ಕೆಳಗೆ ಹೋಗಬೇಕೆಂದು ಅರ್ಥ. ಹೊರಟೆ.

ಅದೇ ಮೂರನೆಯ ಮಹಡಿಯಿಂದ,
ಬೋಡಿಲ್

ತಾ.ಕ.: ಮತ ಏನಾಯಿತೆಂದು ಬರೆಯದೆ ಮುಗಿಸಲು ನೋಡಿದೆ. ಹದಿಮೂರು ಕೈ ಎದ್ದವು. ಅದರಲ್ಲಿ ಒಂದು ಹೆನ್ನಿಂಗ್‌ನದು! ನಾನೂ ಕೈ ಎತ್ತಿದ್ದರೆ ಹದಿನಾಲ್ಕಾಗುತ್ತಿತ್ತು, ಎತ್ತಲಿಲ್ಲ. ತನ್ನ ನಾಯಿಗೆ ತಾನೇ ಮತ ಹಾಕುವುದು ನ್ಯಾಯವಲ್ಲ ಎಂದು ಬಾಸ್ಸೆಯ ಮತದ ದಿನ ನಿನ್ನ ಕೈ ಇಳಿಸಿದವಳು ನಾನು; ಅಂಥ ನಿಯಮ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಜೂನ್ ಮುಗಿಯುವುದರೊಳಗೆ ಸೆನ್ನೆಪ್ ಈ ಮನೆ ಬಿಡಬೇಕು. ಅವನೊಬ್ಬನನ್ನೇ ಕಳಿಸುವುದಿಲ್ಲ. ನಿಮ್ಮೂರಿನಲ್ಲಿ ಮೆಟ್ಟಿಲಿಲ್ಲದ, ಬಾಗಿಲೆದುರು ಹುಲ್ಲಿರುವ ಮನೆ ಖಾಲಿಯಿದ್ದರೆ ತಿಳಿಸು. ನೀನಿರುವ ಬೀದಿ ಬೇಡವೆಂದರೆ ಬೇರೆ ಬೀದಿಯಾದರೂ ಆದೀತು.