ಒಂದು ಗೆಣ್ಣಿನ ಆಳ

ಜೂನ್ ೪, ಬೆಳಿಗ್ಗೆ

ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾಯಿತು. ಆಪರೇಷನ್ ಆದ ಕಣ್ಣು. ಬಗ್ಗಬಾರದು, ಮಣ್ಣು ಮುಟ್ಟಬಾರದು ಅಂತ ಡಾಕ್ಟರ್ ಅಪ್ಪಣೆ. ಸರಿಯಾಗಿ ಬಿತ್ತನೆಯ ಹೊತ್ತಿಗೆ. ಹಿತ್ತಲಲ್ಲಿ ಕುರ್ಚಿ ಹಾಕಿಸಿ ಕೂತು ಸೊಸೆಗೆ ಬೀನ್ಸ್ ಹಾಕುವುದು ಹೇಳಿಕೊಟ್ಟೆ. ತೋರುಬೆರಳು ಒಂದು ಗೆಣ್ಣು ಇಳಿಸು, ಬೀಜ ಬಿಡು, ಮಣ್ಣೆಳೆ. ಮಗ ಬಂದು ನನ್ನ ಬೆರಳಿಗೆ ಸ್ಕೇಲ್ ಹಿಡಿದು ಅಳೆದ. ಏನು ಚೇಷ್ಟೆಯೋ.

ಜೂನ್ ೬

ಚೇಷ್ಟೆ ತಿಳಿಯಿತು. ಹಲಗೆಗೆ ಸಾಲಾಗಿ ಗೂಟ ಬಡಿದಿದ್ದಾನೆ. ಒತ್ತಿದರೆ ಒಂದು ಸಾಲು ಕುಳಿ, ಎಲ್ಲ ನನ್ನ ಗೆಣ್ಣಿನಷ್ಟೇ ಆಳ. "ಅಮ್ಮ, ನಿನ್ನ ಬೆರಳಿಗೆ ಇನ್ನು ರಿಟೈರ್‌ಮೆಂಟ್."

ಸೊಸೆ ನಕ್ಕಳು. ನಾನು ನಗಲಿಲ್ಲ.

ಜೂನ್ ೧೫

ಬೀನ್ಸ್ ಚೆನ್ನಾಗಿ ಬಂದಿದೆ. ಹೊಗಳಲಿಲ್ಲ. ಹೊಗಳಿದರೆ ಇಬ್ಬರೂ ತಲೆ ಮೇಲೆ ಕೂರುತ್ತಾರೆ.

ಪಕ್ಕದ ಸಸಿ ಟ್ರೇ ಬೋಳು. ಏನು ಹಾಕಿದೆ ಅಂದೆ.

"ನಿಮ್ಮ ಅಕ್ಕನವರ ಕೆಂಪು ದಂಟು, ಅತ್ತೆ. ನಿಮಗೆ ಸಂತೋಷ ಆಗ್ಲಿ ಅಂತ. ಹಲಗೇಲೇ ಒತ್ತಿದೆ."

"ಪೂರ್ತಿ?"

"ಪೂರ್ತಿ."

ಅಕ್ಕ ಹೋದ ಮೇಲೆ ಅವಳದು ಅಂತ ನನ್ನ ಹತ್ತಿರ ಉಳಿದದ್ದು ಆ ಒಂದು ಹಿಡಿ ಬೀಜ. ಸಾಸಿವೆಗಿಂತ ಸಣ್ಣದು. ಮಣ್ಣು ಮುಚ್ಚುವುದೇ ಬೇಡ — ಮೇಲೆ ಉದುರಿಸಿ ಅಂಗೈಯಲ್ಲಿ ಒತ್ತಿದರೆ ಸಾಕು.

"ಬಿತ್ತಲಿಲ್ಲ ಕಣೆ ನೀನು. ಹೂತೆ."

"ಒಂದು ಗೆಣ್ಣು ಅಂದಿದ್ದು ನೀವೇ ತಾನೇ?"

"ಬೀನ್ಸಿಗೆ ಅಂದೆ. ಮೂಲಂಗಿಗೆ ಅರ್ಧ ಗೆಣ್ಣು. ಟೊಮೆಟೊಗೆ ಉಗುರು ಮುಳುಗಿದರೆ ಸಾಕು. ಕೇಳೋಕೆ ಬಾಯಿರಲಿಲ್ವಾ?"

"ಕೇಳಿದ್ರೂ ಬೈತೀರ, ಕೇಳದಿದ್ರೂ ಬೈತೀರ."

ಎದುರು ಮಾತು. ನನ್ನ ಹಿತ್ತಲಲ್ಲಿ ನಿಂತು.

ಜೂನ್ ೧೬

ಮಗನ ಪಂಚಾಯಿತಿ. "ಇಷ್ಟಕ್ಕೆ ಯಾಕಮ್ಮ ರಂಪ? ಅಂಗಡೀಲಿ ದಂಟಿನ ಪ್ಯಾಕೆಟ್ ಸಿಗುತ್ತೆ."

ಅಕ್ಕನೂ ಪ್ಯಾಕೆಟ್ಟಲ್ಲಿ ಸಿಗ್ತಾಳೇನೋ, ಅಂದೆ.

ಸೊಸೆ ಟ್ರೇ ಎತ್ತಿಕೊಂಡು ಹೋಗಿ ಕಾಂಪೌಂಡ್ ಗೋಡೆ ಮೂಲೆಗೆ ಮಣ್ಣೆಲ್ಲ ಬೋರಲು ಸುರಿದಳು. "ಇನ್ನು ನಿಮ್ಮ ಮಣ್ಣು ಮುಟ್ಟಲ್ಲ."

ಮುಟ್ಟಬೇಡ, ಅಂದೆ.

ಜೂನ್ ೨೫, ಬೆಳಿಗ್ಗೆ ಆರು

ಇಷ್ಟು ದಿನ ಹಿತ್ತಲಿಗೆ ಕಾಲಿಡಲಿಲ್ಲ. ಅವಳ ಜೊತೆ ಮಾತೂ ಇಲ್ಲ. ಈಗ ಹೋಗಿ ನೋಡಿ ಬಂದು ಹಿತ್ತಲ ಕಿಟಕಿ ಹತ್ತಿರ ಕೂತಿದ್ದೇನೆ. ಮೂಲೆಯ ಮಣ್ಣಿನ ಗುಡ್ಡೆ ಮೇಲೆಲ್ಲ ಕೆಂಪು. ಕೂದಲೆಳೆಯಷ್ಟು ದಂಟಿನ ಸಸಿ. ಬೋರಲು ಬಿದ್ದದ್ದರಿಂದ ತಳದ ಬೀಜ ಮೇಲೆ ಬಂದು ಬೆಳಕು ಕಂಡಿದೆ.

ಗುಡ್ಡೆ ಒದ್ದೆ. ಮಳೆ ಬಂದಿಲ್ಲ. ಯಾರು ನೀರು ಹಾಕಿದ್ದು ಅಂತ ಕೇಳಬೇಕಾಗಿಲ್ಲ. ದಿನಾ ಹಾಕಿದ್ದಾಳೆ. ನನಗೆ ಒಂದು ಮಾತು ಹೇಳಿಲ್ಲ. ಎಷ್ಟು ಸೊಕ್ಕು...

ಹಾಕಿದ ಚೆಂದವೋ! ಚೊಂಬಿನಿಂದ ದಬದಬ ಹುಯ್ದಿದ್ದಾಳೆ. ಅರ್ಧ ಸಸಿ ಮಲಗಿವೆ. ಅಂಗೈ ಅಡ್ಡ ಹಿಡಿದು ಚಿಮುಕಿಸಬೇಕು. ಅಷ್ಟೂ ಗೊತ್ತಿಲ್ಲ. ನಾನಾಗಿ ಹೇಳುವುದಿಲ್ಲ. ಅವಳೇ ಬಂದು ಕೇಳಲಿ.

ಹಿತ್ತಲ ಬಾಗಿಲು ಸದ್ದಾಯಿತು. ಅವಳೇ. ಕೈಯಲ್ಲಿ ತುಂಬಿದ ಚೊಂಬು. ಇವತ್ತೂ ಹಾಗೇ ಹುಯ್ದರೆ ಉಳಿದದ್ದೂ... ಏ ಹುಡುಗಿ, ನಿಲ್ಲು, ಹಾಗಲ್ಲ, ನಾನು ಬಂ—