ಕೈಯ ಮೇಲಿನ ಆಪಾದನೆ

ಮುಟ್ಟಳ್ಳಿ, ಭಟ್ಕಳ
೯ ಮಾರ್ಚ್ ೨೦೨೫

ಪ್ರೀತಿಯ ಗಣಪಿಗೆ,

ಫೋನಿನಲ್ಲಿ ಈ ಮಾತೆತ್ತಿದರೆ ನೀನು ಇಟ್ಟುಬಿಡುತ್ತೀ, ಅದಕ್ಕೇ ಕಾಗದ. ಕಾಗದ ಹಿಡಿದರೂ ನಿನ್ನ ಬೆರಳು ಜೋಮು ಹಿಡಿಯುವುದರಿಂದ ನಿನ್ನ ತಂಗಿ ಪೂರ್ಣಿಮಾ ಓದುತ್ತಾಳೆ, ಹಿರೇಗುತ್ತಿಯ ಜಗಲಿಯಲ್ಲಿ ನಿನ್ನ ತವರಿನವರೆಲ್ಲ ಕೂತು ಕೇಳುತ್ತಾರೆ. ಮೊದಲು ಅವರಿಗೆ ವಂದನೆ. ನಮ್ಮ ಉದಯ ಹೋದಂದಿನಿಂದ ಅವರು ಜೊತೆಗಿದ್ದಾರೆ. ಆದರೆ ಅವರ ಅನುಕಂಪವನ್ನು ಇಂದಿನಿಂದ ನಾನು ಸ್ವೀಕರಿಸುವುದಿಲ್ಲ. ಕಾರಣ ಹೇಳುವ ಮೊದಲು, ನೀನು ಹೇಗಿದ್ದೀ? ರಾತ್ರಿ ನಿದ್ದೆ ಬರುತ್ತದೆಯೆ? ನನಗೆ ಪಕ್ಕದ ಮನೆಯ ತಿಮ್ಮಕ್ಕ ಸಾರು ಕಳಿಸುತ್ತಾಳೆ. ಉಪ್ಪು ನಿನ್ನ ಹಾಗೇ ಒಂದು ಕಲ್ಲು ಜಾಸ್ತಿ.

ಕುಮಟೆಯ ಫಿಜಿಯೊಥೆರಪಿಸ್ಟ್ ಸಂಗೀತಾ ನಿನ್ನೆ ಫೋನ್ ಮಾಡಿದ್ದರು. ಮಣಿಕಟ್ಟಿಗೆ ಕೊಟ್ಟ ಪಟ್ಟಿಯನ್ನು ನೀನು ಬಿಚ್ಚಿಡುತ್ತೀಯಂತೆ. ಬೆರಳಿನಲ್ಲಿ ಬಾಳೆನಾರಿನ ಹೊಸ ಗೆರೆಗಳಿವೆಯಂತೆ. ವಿಚಾರಿಸಿದೆ. ನಿನ್ನ ಅಣ್ಣ ಮಾಬ್ಲೇಶ್ವರ ಭಟ್ಕಳದಿಂದ ಮಲ್ಲಿಗೆ ಮೊಗ್ಗನ್ನು ಬಾಳೆಲೆಯಲ್ಲಿ ಸುತ್ತಿ ಬಸ್ಸಿನಲ್ಲಿ ನಿನಗೆ ತಂದುಕೊಡುತ್ತಿದ್ದಾರೆ. ಕೇಳಿದ್ದಕ್ಕೆ, “ಮಗನ ಪಟಕ್ಕೆ ಹೆತ್ತವಳೇ ದಂಡೆ ಕಟ್ಬೇಕು, ಭಾವ. ಅದೂ ಬ್ಯಾಡ ಅಂದ್ರೆ ಅವಳಿಗೆ ಎಂತ ಉಳೀತು?” ಎಂದರು. ಪ್ರಶ್ನೆ ಒಳ್ಳೆಯದು. ಉತ್ತರ: ಕೈ ಉಳಿಯುತ್ತದೆ. ಮಣಿಕಟ್ಟಿನೊಳಗೆ ಒತ್ತಿಹೋದ ನರಕ್ಕೆ ಬಿಡುವು ಬೇಕು. ಹೆಬ್ಬೆರಳ ಬುಡದ ಮಾಂಸ ಆಗಲೇ ಇಳಿದಿದೆ. ಇನ್ನೂ ನಾರು ಬಿಗಿಯುತ್ತಿದ್ದರೆ ಮುಂದೆ ಶಸ್ತ್ರಚಿಕಿತ್ಸೆಯೂ ಹಿಡಿತವನ್ನು ಮರಳಿಸಲಾರದೇನೋ ಎಂದು ಸಂಗೀತಾ ಎಚ್ಚರಿಸಿದ್ದಾರೆ. ನಿನ್ನ ಕೈಗೆ ನಾರು ಹಿಡಿಸುವ ಈ ಅನುಕಂಪವೇ ನನಗೆ ಬೇಡದ್ದು. ಮುಷ್ಟಿ ಬಿಡಿಸಿ, ಬೆರಳು ನೀಡಿ, ಮಣಿಕಟ್ಟು ಹಿಂದಕ್ಕೆ ಬಾಗಿಸುವ ನಿನ್ನ ವ್ಯಾಯಾಮ ನೋಡಿ “ಕಾಗೆ ಓಡಿಸ್ದಂಗೆ” ಎಂದು ನಗುವವರು ನಗಲಿ. ನೀನು ಬಿಡಬೇಡ.

ಆದರೆ ನೀನು ಪಟ್ಟಿ ಬಿಚ್ಚುವುದು ಹೂವಿಗಾಗಿ ಮಾತ್ರವಲ್ಲ. ಉದಯ ಹೋದ ಆ ಬೆಳಿಗ್ಗೆ ಬೆರಳು ಮರಗಟ್ಟಿ, ಮಾರುವ ದಂಡೆ ಕಟ್ಟುವುದು ನಿನಗೆ ತಡವಾಯಿತು. ಉದಯ ಹೂವಿನ ಚೀಲ ಹಿಡಿದು ಬೈಕಿನಲ್ಲಿ ಪೇಟೆಗೆ ಹೊರಟ. ಆಮೇಲೆ ಹೊನ್ನಾವರದಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನೀನು ನಿನ್ನ ಬಲಗೈಯನ್ನೇ ನೋಡುತ್ತ, “ಇದೇ ಅವನಿಗೆ ಗಡಿಬಿಡಿ ಮಾಡಿದ್ದು” ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತು ಪೂರ್ತಿ ಮುಗಿದ ಮೇಲೆಯೇ ನಾನು ಎದ್ದು ನಿಲ್ಲುತ್ತಿದ್ದೆ. ನಿನ್ನ ವಾದವನ್ನು ಒಂದು ವರ್ಷ ಕೇಳಿದ್ದೇನೆ. ಈಗ ಏಳುತ್ತೇನೆ. ಅವನು ಹೆದ್ದಾರಿ ದಾಟಲು ಬದಿಯಲ್ಲಿ ಕಾಲೂರಿ ನಿಂತಿದ್ದ. ಲಾರಿ ರಸ್ತೆ ಬಿಟ್ಟು ಅವನಿದ್ದಲ್ಲಿಗೆ ಬಂತು. ಗಡಿಬಿಡಿಯಿದ್ದವನು ನಿಲ್ಲುತ್ತಿರಲಿಲ್ಲ, ಗಣಪಿ. ತಡವಾಗದಿದ್ದರೆ ಅವನು ಅಲ್ಲಿರುತ್ತಲೇ ಇರಲಿಲ್ಲ ಎನ್ನುತ್ತೀ. ಹಾಗಾದರೆ ಅಂದು ಮೊಗ್ಗು ಕೊಯ್ದುಕೊಟ್ಟ ನಾನೂ, ಬೈಕಿಗೆ ಪೆಟ್ರೋಲು ಹಾಕಿದವನೂ ದೋಷಿಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ನಾನು ನಿಲ್ಲುವುದಿಲ್ಲ; ನೀನೂ ನಿಲ್ಲಬೇಡ. ಆ ಕೈ ನಿರ್ದೋಷಿ. ಅದನ್ನು ಶಿಕ್ಷಿಸುವ ಅಧಿಕಾರ ನಿನಗಿಲ್ಲ.

ಪೂರ್ಣಿಮಾಗೂ ಅವಳ ಮಕ್ಕಳಿಗೂ ಆಶೀರ್ವಾದ. ಮಾಬ್ಲೇಶ್ವರ ಭಾವನಿಗೆ ನಮಸ್ಕಾರ, ಮೊಗ್ಗಿಲ್ಲದೆ ಬಂದರೆ ಮಾತ್ರ.

ನಿನ್ನ
ನಾಗೇಶ

ತಾ.ಕ.: ಗುರುವಾರದ ವರ್ಷಾಂತಿಕವನ್ನು ನಾನು ನಿಲ್ಲಿಸಿದ್ದೇನೆ. ಯಾರನ್ನೂ ಕೇಳಲಿಲ್ಲ. ಭಟ್ಟರಿಗೆ ಹೇಳಿಯಾಯಿತು, ಸಿಟ್ಟಾದರು. ಉದಯನ ಎಡೆಗೆ ಅನ್ನ ಬಡಿಸಬೇಕಾದವಳು ನೀನು. ನಿನ್ನ ಬಲಗೈ ಸೌಟನ್ನು ಬೀಳಿಸದೆ ಹಿಡಿದ ದಿನ ಅದು ನಡೆಯುತ್ತದೆ. ಅಲ್ಲಿಯ ತನಕ ಅವನು ಕಾಯಲಿ, ನಾನೂ ಕಾಯುತ್ತೇನೆ.